ಸೈಟ್‌ಸ್ಕ್ರೀನಿನ ಬಿಳಿ ಬಣ್ಣ

“ಎರಡು-ಒಂದು, ಗೆಲುವು ನಮ್ದೇ” ಎಂದು ಮರ್ಟಲ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಂತೆಯೇ ರಮ್ ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮುಂದಿನ ವಾರ ಶುರುವಾಗುವ ಮೂರು ಟೆಸ್ಟ್‌ಗಳ ಸರಣಿಗೆ ಅಲ್ಲಿದ್ದ ಉಳಿದ ಹನ್ನೊಂದು ಭವಿಷ್ಯಗಳೂ ಒಂದೇ: ಆಸ್ಟ್ರೇಲಿಯಾ ಮೂರು, ತಮ್ಮದೇ ವೆಸ್ಟ್ ಇಂಡೀಸ್ ಸೊನ್ನೆ.

ಡಾರ್ನ್ಲಿ ಡಾಮಿನೋ ಬಿಲ್ಲೆಯನ್ನು ಮೇಜಿಗೆ ಕುಟ್ಟಿದ. “ಏ ಮರ್ಟಲ್, ಸ್ಟೇಡಿಯಮ್ಮಲ್ಲಿ ಬಣ್ಣ ಬಳಿಯೋಳು ನೀನು, ನಿಂಗೇನ್ ಗೊತ್ತು? ಮೊದಲ್ನೇ ಟೆಸ್ಟ್ ಮುಗೀಲಿ, ನೀನೇ ಬಂದು ಒರೆಸ್ತೀಯ.”

ಒರೆಸುವುದು ಅಲ್ಲಿ ಎಲ್ಲರಿಗೂ ರೂಢಿ. ಹೋದ ಸಲ ಟೀಮು ಗೆದ್ದಾಗ ಈ ಡಾರ್ನ್ಲಿಯೇ ತನ್ನ ಸೊನ್ನೆಯನ್ನು ಅಂಗಿಯ ತೋಳಿನಿಂದ ಒರೆಸಿ, “ನಾನಾಗ್ಲೇ ಹೇಳಿರ್ಲಿಲ್ವಾ?” ಎಂದು ಕುಣಿದಿದ್ದ.

ಬ್ಯಾಟ್ಸ್‌ಮನ್ನಿಗೆ ಚೆಂಡು ಕಾಣಲೆಂದು ಮೈದಾನದಂಚಿಗೆ ನಿಲ್ಲಿಸುವ ಸೈಟ್‌ಸ್ಕ್ರೀನ್ ಹಲಗೆಗೆ ಬಳಿದು ಉಳಿದ ಬಿಳಿ ಬಣ್ಣದ ಡಬ್ಬಿ ಮರ್ಟಲ್‌ಳ ಕಾಲ ಬಳಿಯೇ ಇತ್ತು. ಅವಳು ಮುಚ್ಚಳ ಕಿತ್ತು, ಬ್ರಷ್ ಅದ್ದಿ, ತನ್ನ ಅಕ್ಷರಗಳನ್ನು ದಪ್ಪಗೆ ತಿದ್ದಿದಳು. “ಇದು ಮಳೆಗೂ ಹೋಗಲ್ಲ, ಬಿಸಿಲಿಗೂ ಹೋಗಲ್ಲ. ಸೋತ್ರೆ ಸಾಯೋ ತನಕ ನೋಡ್ಕೊಂಡು ನಗ್ರಿ.”

ಆಮೇಲೆ ಬ್ರಷ್ಷನ್ನು ಡಾರ್ನ್ಲಿಯ ಮುಂದೆ ಚಾಚಿದಳು. “ಅಷ್ಟು ಗ್ಯಾರಂಟಿ ಇದ್ರೆ ನೀನೂ ಇದ್ರಲ್ಲೇ ಬರಿಯಪ್ಪಾ, ಮೂರು-ಸೊನ್ನೆ.”

ಬ್ರಷ್ಷಿನಿಂದ ಡಾಮಿನೋಗಳ ಮೇಲೆ ಬಿಳಿ ಬಣ್ಣದ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಡಾರ್ನ್ಲಿ ಎರಡೂ ಕೈಗಳನ್ನು ಜೇಬಿಗೆ ಇಳಿಸಿಕೊಂಡ.