ಮಯ್ಲಿಸ್ ಪಾಸಾದ ಪರೀಕ್ಷೆ

ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಬೇಕು, ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ... ಅದು ರಗ್ಬಿ.

ಫ್ರಾನ್ಸಿನ ಸಣ್ಣ ಊರೊಂದರ ಮಹಿಳಾ ತಂಡಕ್ಕೆ ಮಯ್ಲಿಸ್ ಕ್ಯಾಪ್ಟನ್. ಬೇಕರಿಯಲ್ಲಿ ಬ್ರೆಡ್ ಮಾರುತ್ತಿದ್ದವಳು ಹತ್ತೇ ವರ್ಷದಲ್ಲಿ ದೇಶದ ತಂಡ ಸೇರಿದ್ದಳು.

ಬಸ್ಸುಗಳ ಮೇಲೆ ಅವಳ ಫೋಟೋ. ಪುಟ್ಟ ಹುಡುಗಿಯರು ಅವಳಂತೆಯೇ ಎರಡು ಜಡೆ ಹಾಕಿಕೊಂಡು ಮ್ಯಾಚಿಗೆ ಬರುತ್ತಿದ್ದರು.

ಅಂದು ಫೈನಲ್. ಇನ್ನು ಅರ್ಧ ಗಂಟೆ ಆಟವಿರುವಾಗ ಎದುರಾಳಿಯ ಮೊಣಕಾಲು ಅವಳ ತಲೆಗೆ ಬಡಿಯಿತು...

ತಲೆಗೆ ಪೆಟ್ಟಾದರೆ ಡಾಕ್ಟರ್ ಒಳಗೆ ಕರೆದು ಹತ್ತು ಪದ ಹೇಳುತ್ತಾರೆ. ನೆನಪಿಟ್ಟು ತಿರುಗಿ ಹೇಳಬೇಕು. ಸೀಸನ್ ಶುರುವಿನಲ್ಲಿ, ಆರೋಗ್ಯವಾಗಿದ್ದಾಗ ಹೇಳಿದ್ದಕ್ಕಿಂತ ಕಡಿಮೆಯಾದರೆ ಆಟ ಅಲ್ಲಿಗೇ ಮುಗಿಯಿತು.

ಮಯ್ಲಿಸ್ ಐದು ಪದ ಹೇಳಿದಳು.

ಡಾಕ್ಟರ್ ಹಳೆಯ ಹಾಳೆ ನೋಡಿದರು. ಅಲ್ಲೂ ಐದೇ! "ಸರಿ, ಹೋಗಬಹುದು."

ಮೈದಾನದ ಬಾಗಿಲ ಬಳಿ ಒಡೆತ್ ಅಜ್ಜಿ ನಿಂತಿದ್ದರು. ತಂಡದ ಜೆರ್ಸಿ ಒಗೆಯುವವರು. ಹತ್ತು ವರ್ಷದಿಂದ ಮಯ್ಲಿಸ್ ಬೆಳಗಿನ ಕಾಫಿ ಕುಡಿಯುತ್ತಿದ್ದದ್ದು ಅವರ ಜೊತೆಗೇ.

"ತಲೆ ಹೇಗಿದೆ ಮಗಳೇ?"

"ನೀವ್ಯಾರು? ದಾರಿ ಬಿಡಿ."

ಅಜ್ಜಿ ನಕ್ಕರು. "ಆಯ್ತಮ್ಮ ದೊಡ್ಡ ಸ್ಟಾರು! ಈಗ ನನ್ನ ಗುರುತೂ ಇಲ್ವಾ?"

ಮಯ್ಲಿಸ್ ಕಣ್ಣಲ್ಲಿ ನಗು ಇರಲಿಲ್ಲ... ಅವಳಿಗೆ ನಿಜವಾಗಿಯೂ ಗುರುತು ಸಿಕ್ಕಿರಲಿಲ್ಲ.

ಅಜ್ಜಿ ಬಾಗಿಲು ಮುಚ್ಚಿ ಅಡ್ಡ ನಿಂತರು. "ಡಾಕ್ಟ್ರೇ! ಬೇಗ ಬನ್ನಿ!"

ಕೋಚ್ ರೇಗಿದ. "ಬಟ್ಟೆ ಒಗೆಯೋದು ನಿಮ್ಮ ಕೆಲಸ, ಅಷ್ಟು ಮಾಡಿ. ಅವಳು ಪಾಸಾಗಿದ್ದಾಳೆ!"

"ಹಾಗಾದ್ರೆ ನನ್ನನ್ನ ತುಳ್ಕೊಂಡು ಹೋಗ್ಲಿ."

ಡಾಕ್ಟರ್ ಓಡಿ ಬಂದರು. ಮಯ್ಲಿಸ್ ಮೈದಾನಕ್ಕೆ ಮರಳಲಿಲ್ಲ. ತಂಡ ಎರಡೇ ಪಾಯಿಂಟಿನಿಂದ ಸೋತಿತು.

"ಕಪ್ ಕಿತ್ಕೊಂಡ ಮುದುಕಿ" ಎಂದು ಸಾವಿರಾರು ಜನ ಫೋನಿನಲ್ಲಿ ಬರೆದು ಬೈದರು.

ಸಂಜೆ ಸ್ಕ್ಯಾನ್ ರಿಪೋರ್ಟ್ ಬಂತು. ತಲೆಯೊಳಗೆ ರಕ್ತ ಸೋರುತ್ತಿತ್ತು... "ಇನ್ನೊಂದು ಪೆಟ್ಟು ಬಿದ್ದಿದ್ರೆ ಹುಡುಗಿ ಉಳೀತಿರ್ಲಿಲ್ಲ" ಎಂದರು ಆಸ್ಪತ್ರೆಯ ಡಾಕ್ಟರ್.

ಮಯ್ಲಿಸ್ ಬದುಕಿದಳು. ಆದರೆ ಆಟ ಮುಗಿದಿತ್ತು.

ಮುಂದಿನ ಸೀಸನ್ನಿನ ಮೊದಲ ದಿನ. ಅದೇ ಪರೀಕ್ಷೆಗೆ ಇಪ್ಪತ್ಮೂರು ಹುಡುಗಿಯರು ಕೂತಿದ್ದರು. ಮಯ್ಲಿಸ್ ಎದುರು ಬಂದು ನಿಂತಳು.

"ಹೋದ ವರ್ಷ ಸೀಸನ್ ಶುರುವಲ್ಲಿ ನಂಗೆ ಒಂಬತ್ತು ಪದ ನೆನಪಿತ್ತು. ಬೇಕಂತ್ಲೇ ಐದು ಹೇಳ್ದೆ. ಪೆಟ್ಟು ಬಿದ್ರೂ ಪಾಸಾಗ್ಬೇಕಲ್ಲ, ಅದಕ್ಕೆ... ನಿಮ್ಮಲ್ಲಿ ಯಾರ್ಯಾರು ಹೀಗೆ ಮಾಡಿದ್ದೀರ?"



ಹಿಂದಿನ ಸಾಲಲ್ಲಿ ಒಂದು ಕೈ ಮೇಲೆದ್ದಿತು. ಆಮೇಲೆ ಇನ್ನೊಂದು... ಮತ್ತೊಂದು...

ಒಟ್ಟು ಹದಿನೇಳು ಕೈಗಳು!

ತಂಡದ ಡಾಕ್ಟರ್ ಕುರ್ಚಿಗೆ ಕುಸಿದರು. ಹಳೆಯ ಹಾಳೆಗಳನ್ನೆಲ್ಲ ಹರಿದು ಹಾಕಿ ಒಂದೇ ಮಾತು ಹೇಳಿದರು... "ಮೊದಲಿಂದ ಶುರು ಮಾಡೋಣ."

*ಎಲ್ಲರೂ 'ಆಡು, ಆಡು' ಎಂದು ಕೂಗುವಾಗ ಬಾಗಿಲಿಗೆ ಅಡ್ಡ ನಿಲ್ಲುವವರೇ ನಮ್ಮವರು.*

ನೋವನ್ನು ಮುಚ್ಚಿಟ್ಟು "ನಾನು ಚೆನ್ನಾಗಿದ್ದೀನಿ" ಎಂದು ನೀವು ಕೊನೆಯ ಸಲ ಹೇಳಿದ್ದು ಯಾರಿಗೆ?