ಮಟ್ಟು ಮಾತ್ರ

ಮೊಳಕಾಲ್ಮೂರಿನಲ್ಲಿ ಯಾರೂ ನಗಲಿಲ್ಲ.

ಚಳ್ಳಕೆರೆಯಲ್ಲಿ ಇದೇ ಹಾಡಿಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕುಡುಕ ಗಂಡನ ಪಾತ್ರದವನು ಮೂರು ಸಲ ಹಾಡಬೇಕಾಗಿ ಬಂದಿತ್ತು. ಇಲ್ಲೂ ಸಂತೆ ದಿನದ ಹಗಲಾಟಕ್ಕೆ ನಾಟಕದ ಡೇರೆ ತುಂಬಿತ್ತು. ಹಾಡು ಶುರುವಾದದ್ದೇ ತಡ, ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ನಗು ತಡೆಯಲು ಅಲ್ಲ.

ಪರದೆಯ ಸಂದಿಯಲ್ಲಿ ನಿಂತಿದ್ದ ಕವಿ ಕುಸುಮಾಕರನಿಗೆ ಬೆವರಿಳಿಯಿತು. ಕರಪತ್ರದ ಈ ಹೆಸರು ಮಾಲೀಕರು ಇಟ್ಟದ್ದು. ಅವ್ವ ಇಟ್ಟ ಹೆಸರು ಹಿಡಿದು ಪಾತಣ್ಣ ಎಂದು ಅವನನ್ನು ಕರೆಯುವವರು ಕಂಪನಿಯಲ್ಲಿ ಯಾರೂ ಇರಲಿಲ್ಲ. ಹದಿನೈದಕ್ಕೆ ಹಳ್ಳಿ ಬಿಟ್ಟವನು, ಇಪ್ಪತ್ತು ವರ್ಷದಲ್ಲಿ ಒಂದು ಕಾಗದ ಹಾಕಿರಲಿಲ್ಲ. ಹೆಸರು ಮಾಡಿಯೇ ಊರಿಗೆ ಹೋಗಬೇಕೆಂಬ ಪೆದ್ದು ಹಟ. ಇಲ್ಲಿ ಗೆದ್ದರೆ ನಾಳೆ ನಾಲ್ಕು ಹರಿದಾರಿ ನಡೆದು ಅವ್ವನ ಮುಂದೆ ನಿಲ್ಲಬೇಕೆಂದು ರೇಷ್ಮೆ ಸೀರೆ ಕೂಡ ತಂದಿಟ್ಟಿದ್ದ.

ಹಾಡಿನ ಮಟ್ಟು ಮಾತ್ರ ಅವನದಲ್ಲ. ಮೂರು ತಿಂಗಳ ಹಿಂದೆ ಡೇರೆಗೆ ಜಾಗ ಗೊತ್ತುಮಾಡಲು ಇಲ್ಲಿಗೆ ಬಂದಿದ್ದ ಹಾರ್ಮೋನಿಯಂ ಹನುಮಣ್ಣ, ಯಾರೋ ಹಾಡಿದ್ದನ್ನು ಕಲಿತು ಬಂದಿದ್ದ.

"ಮಾತೂ ಚೆಂದ ಐತೆ, ಕೇಳ್ರಿ ಕವಿಗಳೇ."

"ಬೇಡ ಮಾರಾಯ. ಹಳೇ ಮಾತು ಕಿವೀಲಿ ಕೂತ್ರೆ ಹೊಸದು ಹುಟ್ಟಲ್ಲ. ಮಟ್ಟು ಮಾತ್ರ ನುಡಿಸು."

ಅದು ಅವನ ಕಸುಬಿನ ನೇಮ.

ಆಟ ನಿಂತಿತು. ಕೆಂಚಕ್ಕ ಎಂಬ ಮುದುಕಿ ಎದ್ದು ರಂಗದ ಹತ್ತಿರ ಬಂದಳು.

"ಯಾರಪ್ಪಾ ಇದನ್ನ ಕಟ್ಟಿದ್ದು?"

"ನಾನೇ, ಅಜ್ಜಿ," ಎಂದ ಕವಿ ಪರದೆಯ ಸಂದಿಯಿಂದ.

"ಸುಳ್ಳು ಹೇಳಬೇಡ. ನಮ್ಮ ಕೇರಿ ಮುದುಕಮ್ಮನ ಹಾಡು ಅದು. ಯಾವ ಕಂಪನಿ ಬಂದ್ರೂ ಡೇರೆ ಮುಂದೆ ನಿಂತು ಹಾಡೋಳು. ಅದಕ್ಕೇ ಅಂತ ಈ ಊರು ಸೇರ್ಕೊಂಡಿದ್ಲು. ಹೋದ ಅಮಾಸೆಗೆ ಮಣ್ಣು ಮಾಡಿದ್ವಿ. ಅವಳ ಹೊಟ್ಟೆ ಉರಿ ನಿಮಗೆ ತಮಾಷೆಯೇನ್ರೋ?"

ಪಾತ್ರ ಬೇಡಿ ಡೇರೆಗಳ ಮುಂದೆ ಹಾಡುವವರನ್ನು ಅವನು ಊರೂರಲ್ಲಿ ಕಂಡಿದ್ದ. ಪಾಪ, ಆ ಮುದುಕಮ್ಮನೂ ಅಂಥವಳೇ ಎಂದುಕೊಂಡ. ಅವಳನ್ನು ಒಳಗೆ ಕರೆಯದ ಕಂಪನಿಗಳ ಮೇಲೆ ಸಿಟ್ಟೂ ಬಂತು. ರಂಗಕ್ಕೆ ಬಂದು ಸಭೆಗೆ ಕೈಮುಗಿದ.

"ತಪ್ಪಾಯ್ತು ತಾಯಂದಿರಾ. ಆಕೆ ಹಾಡು ಆಕೆ ಮಾತಲ್ಲೇ ಕೇಳೋಣ. ಹನುಮಣ್ಣ, ಹಾಡಪ್ಪ."

ಹನುಮಣ್ಣ ಹಾರ್ಮೋನಿಯಂ ಎಳೆದುಕೊಂಡು, ಆಕೆ ಹಾಡಿದಂತೆಯೇ ನಿಧಾನವಾಗಿ ಹಾಡಿದ:

"ಆಟದೋರ ಬೆನ್ನು ಹತ್ತಿ ಹೋದ ಪಾತಣ್ಣ, ಅವ್ವನ ಕಣ್ಣು ಮುಚ್ಚೋ ಮುಂಚೆ ಬಾರೋ ನನ್ನಣ್ಣ."