ಆರಾಮ್ರಿ

ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಅವ್ವನ ಗಾಲಿಕುರ್ಚಿಯೇ ನೆನಪಾಗುತ್ತದೆ.

ಕೂಕಟ್‌ಪಲ್ಲಿಯ ಮನೆಯಲ್ಲಿ ಆ ಮಧ್ಯಾಹ್ನ ನಾನು ಕುರ್ಚಿಯ ಗಾಲಿಗೆ ಅದೇ ಎಣ್ಣೆ ಬಿಡುತ್ತಿದ್ದೆ. ಅವ್ವ ಅದರಲ್ಲೇ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಮೆಟ್ಟಿಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವಳ ನಡಿಗೆ ನಿಂತಿತ್ತು. ಬೆನ್ನಿನ ನೋವು ಮಾತ್ರ ಒಂದು ದಿನವೂ ನಿಂತಿರಲಿಲ್ಲ.

ಸಿಕಂದರಾಬಾದಿನಿಂದ ಬಂದ ಸೋದರತ್ತೆ, ಅವ್ವ ಎದುರಿಗೇ ಇದ್ದರೂ, ನನ್ನನ್ನು ಕೇಳಿದಳು: "ನಿಮ್ಮವ್ವ ಆರಾಮ ಅದಾಳೇನು?"

ನಮ್ಮ ಊರ ಕಡೆ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಜ್ವರದಲ್ಲಿ ಮಲಗಿದವರೂ ಅದನ್ನೇ ಹೇಳುತ್ತಾರೆ. "ಆರಾಮ್ರಿ," ಅಂದೆ.

ಅವ್ವನ ಕೈ ನಿಂತಿತು. "ನನ್ನ ಕೇಳ್ರಿ ಅಕ್ಕಾರ. ಕಾಲು ಹೋಗ್ಯಾವ, ಬಾಯಿ ಹೋಗಿಲ್ಲ. ಆರಾಮ ಇಲ್ಲ ನಾನು. ಬೆನ್ನು ಕೆಂಡ ಇಟ್ಟಂಗ ಉರಿಯಾಕತ್ತೈತಿ."

ಅತ್ತೆ ಸೆರಗು ಸರಿಮಾಡಿಕೊಂಡಳು. "ಹಂಗ ಅನಬಾರದವಾ. ಆರಾಮ ಅಂತಿದ್ರ ಆರಾಮ ಆಗತೈತಿ."

"ಮೂರು ವರ್ಷ ಹಂಗ ಅಂದೀನ್ರಿ. ಆಗಿಲ್ಲ."

ಅಷ್ಟು ಹೇಳಿ ತಾನೇ ಗಾಲಿ ತಳ್ಳಿಕೊಂಡು ಹೋಗಿ ಚಹಾಕ್ಕೆ ಇಟ್ಟಳು. ಎಣ್ಣೆ ಕುಡಿದ ಗಾಲಿ ಒಂಚೂರೂ ಸದ್ದು ಮಾಡಲಿಲ್ಲ. ಅತ್ತೆ ಚಹಾ ಕುಡಿದು ಎದ್ದಳು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಿದ್ದಂತೆ ರೂಢಿಯ ಮಾತು ಅವಳ ಬಾಯಿಂದ ಬಂದೇಬಿಟ್ಟಿತು: "ಬರ್ತೀನವಾ, ಆರಾಮ ಇರು."

ಅವ್ವ ಬಾಗಿಲವರೆಗೂ ಬಂದಿದ್ದಳು. "ನೀವು ಆರಾಮ ಇರ್ರಿ ಅಕ್ಕಾರ," ಅಂದಳು. "ಆರಾಮ ಇಲ್ಲಂದ್ರೂ ನಾ ಇರ್ತೀನಿ."